ಜೇಬಿನ ಕ್ಯಾಮೆರಾವೋ, ಸೊಂಟದ ಕ್ಯಾಮೆರಾವೋ

ಪ್ರಶ್ನೆ: ನನಗೆ 54 ವರ್ಷ. ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುತ್ತೇನೆ. ರಜೆ ಬಂತೆಂದರೆ ಹಳೆಯ ದೇವಾಲಯ, ವೀರಗಲ್ಲು, ಶಾಸನಗಳ ಚಿತ್ರ ತೆಗೆಯುತ್ತ ಊರೂರು ಸುತ್ತುವುದು ನನ್ನ ಹವ್ಯಾಸ. ಬಹಳ ವರ್ಷಗಳಿಂದ ನಿಕಾನ್ ಡಿ7000 ಡಿಎಸ್‌ಎಲ್‌ಆರ್ ಕ್ಯಾಮೆರಾ ಮತ್ತು 18-105 ಮಿಮೀ ಜೂಮ್ ಲೆನ್ಸ್ ಬಳಸುತ್ತಿದ್ದೇನೆ. ಈಗ ಬಲ ಭುಜದಲ್ಲಿ ನೋವು ಕಾಣಿಸಿಕೊಂಡು, ಕ್ಯಾಮೆರಾ ಹೆಚ್ಚಾಗಿ ಬೀರುವಿನಲ್ಲೇ ಉಳಿಯುತ್ತಿದೆ. ಮೊನ್ನೆ ಅಂಗಡಿಯೊಂದರಲ್ಲಿ ಬಳಸಿದ ಪ್ಯಾನಸಾನಿಕ್ ಜಿಎಂ5 ನೋಡಿದೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಲೆನ್ಸ್ ಬದಲಾಯಿಸಲೂ ಬರುತ್ತದೆ. ಮನಸ್ಸು ಸೋತಿದೆ. ಆದರೆ ನನ್ನ ಬೆರಳುಗಳು ದಪ್ಪ, ಹತ್ತಿರದ್ದನ್ನು ನೋಡಲು ಚಾಳೀಸು ಬೇಕು. ಇಷ್ಟು ಪುಟ್ಟ ಕ್ಯಾಮೆರಾ ನಿಜಕ್ಕೂ ಕೆಲಸಕ್ಕೆ ಬರುತ್ತದೆಯೇ? ಅದನ್ನು ಕೊಂಡರೆ ನಾನು ಕಳೆದುಕೊಳ್ಳುವುದೇನು?

ಉತ್ತರ: ಜಿಎಂ5 ಕಂಡು ಮನಸ್ಸು ಸೋತವರಲ್ಲಿ ನೀವು ಮೊದಲಿಗರಲ್ಲ, ನಾನೂ ಒಬ್ಬ. ಆದರೂ ನೀವು ಬರೆದಿರುವ ಕೆಲಸಕ್ಕೆ ನಾನು ಅದನ್ನು ಸೂಚಿಸಲಾರೆ. ಕಾರಣ ಹೇಳಬೇಕಾದರೆ ಹೊರುವುದು ಮತ್ತು ಹಿಡಿಯುವುದು ಎಂಬ ಎರಡು ಸಂಗತಿಗಳನ್ನು ಮೊದಲು ಬಿಡಿಸಿಕೊಳ್ಳಬೇಕು. ಹೊರುವ ವಿಷಯದಲ್ಲಿ ಕ್ಯಾಮೆರಾದ ಗಾತ್ರ ಇಳಿಜಾರಿನಂತೆ ನಯವಾಗಿ ಇಳಿಯುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮೇಲಿನ ಮೆಟ್ಟಿಲು ಹೆಗಲ ಚೀಲ, ನಡುವಿನದು ಸೊಂಟದ ಚೀಲ, ಕೆಳಗಿನದು ಜೇಬು. ಹೆಗಲಿನಿಂದ ಸೊಂಟಕ್ಕೆ ಇಳಿದರೆ ನಿಮ್ಮ ಭುಜ ಉಳಿಯುತ್ತದೆ. ಸೊಂಟದಿಂದ ಜೇಬಿಗೆ ಇಳಿದರೆ ಚೀಲವೇ ಬೇಕಾಗುವುದಿಲ್ಲ. ಆದರೆ ಒಂದೇ ಮೆಟ್ಟಿಲಿನ ಮೇಲೆ ನಿಂತು ಉಳಿಸಿದ ನೂರಿನ್ನೂರು ಗ್ರಾಂಗಳಿಂದ ಹೊರುವವನಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ, ಹಿಡಿಯುವ ಬೆರಳುಗಳು ಮಾತ್ರ ಅದರ ಬಡ್ಡಿ ಕಟ್ಟುತ್ತಲೇ ಇರಬೇಕಾಗುತ್ತದೆ. ಆದ್ದರಿಂದ ಮೊದಲು ಮೆಟ್ಟಿಲನ್ನು ನಿರ್ಧರಿಸಿ, ಆಮೇಲೆ ಆ ಮೆಟ್ಟಿಲಿನಲ್ಲಿ ಹಿಡಿಸುವ ಅತಿ ದೊಡ್ಡ ಕ್ಯಾಮೆರಾವನ್ನೇ ಆರಿಸಿಕೊಳ್ಳಿ ಎನ್ನುವುದು ನನ್ನ ಲೆಕ್ಕಾಚಾರ.

ಭಾರದ ಗೋಳು ಹೊಸದಲ್ಲ ಎಂಬುದನ್ನು ನಡುವೆ ಒಂದು ಮಾತಾಗಿ ಹೇಳಿಬಿಡುತ್ತೇನೆ. 1925ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಲೈಕಾ ಕ್ಯಾಮೆರಾವನ್ನು ರೂಪಿಸಿದ ಜರ್ಮನಿಯ ಆಸ್ಕರ್ ಬಾರ್ನಾಕ್ ಅವರಿಗೆ ಉಬ್ಬಸವಿತ್ತು. ಗಾಜಿನ ಪ್ಲೇಟುಗಳ ಭಾರಿ ಕ್ಯಾಮೆರಾವನ್ನು ಹೊತ್ತು ಗುಡ್ಡ ಹತ್ತಲಾಗದೆ ಅವರು ಸಿನಿಮಾ ಫಿಲ್ಮನ್ನೇ ಬಳಸುವ ಪುಟ್ಟ ಪೆಟ್ಟಿಗೆಯನ್ನು ಕಟ್ಟಿದರು. ನೆಗೆಟಿವ್ ಚಿಕ್ಕದಿರಲಿ, ಚಿತ್ರ ದೊಡ್ಡದಾಗಲಿ ಎಂಬುದು ಅವರ ಹಂಬಲವಾಗಿತ್ತು. ಆ 24×36 ಮಿಲಿಮೀಟರಿನ ಚಿಕ್ಕ ಚೌಕಟ್ಟನ್ನೇ ಇಂದು ನಾವು ಫುಲ್ ಫ್ರೇಮ್ ಎಂದು ಗೌರವದಿಂದ ಕರೆಯುತ್ತೇವೆ.

ಈಗ ತೂಕಕ್ಕೆ ಬರೋಣ. ಬ್ಯಾಟರಿ, ಕಾರ್ಡುಗಳ ಸಮೇತ ನಿಮ್ಮ ಡಿ7000 ಸುಮಾರು 780 ಗ್ರಾಂ, 18-105 ಲೆನ್ಸ್ 420 ಗ್ರಾಂ, ಒಟ್ಟು 1,200 ಗ್ರಾಂ. ಜಿಎಂ5 ಬ್ಯಾಟರಿ, ಕಾರ್ಡು ಸೇರಿ 211 ಗ್ರಾಂ. ಅದರ 12-32 ಕಿಟ್ ಲೆನ್ಸ್ 70 ಗ್ರಾಂ. ಇದಕ್ಕೆ ಪ್ಯಾನಸಾನಿಕ್‌ನದೇ ಪುಟ್ಟ 35-100 ಎಫ್/4-5.6 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು) ಲೆನ್ಸಿನ 135 ಗ್ರಾಂ, 20 ಮಿಮೀ ಎಫ್/1.7 ತೆಳ್ಳನೆಯ ಪ್ಯಾನ್‌ಕೇಕ್ ಲೆನ್ಸಿನ ಎರಡನೆಯ ಆವೃತ್ತಿಯ 87 ಗ್ರಾಂ ಕೂಡಿಸಿದರೂ ಬಾಡಿ ಮತ್ತು ಮೂರು ಲೆನ್ಸುಗಳ ಇಡೀ ಸಂಸಾರ 503 ಗ್ರಾಂ ದಾಟುವುದಿಲ್ಲ. ಅಂದರೆ ನಿಮ್ಮ ಈಗಿನ ಭಾರದ ಅರ್ಧಕ್ಕೂ ಕಡಿಮೆ. ಹೀಗೆ ನೋಡಿದರೆ ತೀರ್ಮಾನ ಸುಲಭವೆನ್ನಿಸುತ್ತದೆ. ಆದರೆ ಅದೇ ಮೂರು ಲೆನ್ಸುಗಳನ್ನು 2016ರ ಪ್ಯಾನಸಾನಿಕ್ ಜಿಎಕ್ಸ್85 ಎಂಬ, ಕೆಲವು ದೇಶಗಳಲ್ಲಿ ಜಿಎಕ್ಸ್80 ಹೆಸರಿನಲ್ಲಿ ಮಾರಾಟವಾದ, 426 ಗ್ರಾಂ ತೂಗುವ ಬಾಡಿಯ ಜೊತೆ ಇಟ್ಟರೆ ಒಟ್ಟು 718 ಗ್ರಾಂ ಆಗುತ್ತದೆ. ವ್ಯತ್ಯಾಸ 215 ಗ್ರಾಂ, ಒಂದು ಲೋಟ ನೀರಿನಷ್ಟು. ಹೆಗಲಿನಿಂದ ಸೊಂಟಕ್ಕೆ ಇಳಿಸುವ ಕೆಲಸವನ್ನು ಎರಡೂ ಮಾಡುತ್ತವೆ.

ಹಾಗಾದರೆ ಜಿಎಂ5 ಜೇಬಿಗೆ ಇಳಿಯುವುದಿಲ್ಲವೇ ಎಂದು ನೀವು ಕೇಳಬಹುದು. ಅಂಗಡಿಯಲ್ಲಿ ನಾವು ಸಾಮಾನ್ಯವಾಗಿ ಕ್ಯಾಮೆರಾದ ಅಗಲ, ಎತ್ತರಗಳನ್ನು ನೋಡಿ ಮರುಳಾಗುತ್ತೇವೆ; ಜೇಬು ಕೇಳುವುದು ದಪ್ಪವನ್ನು. ಜಿಎಂ5ರ ಬಾಡಿ 98.5 ಮಿಮೀ ಅಗಲ, 59.5 ಮಿಮೀ ಎತ್ತರ, 36 ಮಿಮೀ ದಪ್ಪ. ಮಡಚಿದ 12-32 ಲೆನ್ಸ್ 24 ಮಿಮೀ ಮುಂದೆ ಚಾಚುತ್ತದೆ. ಹೀಗೆ ಒಟ್ಟು ದಪ್ಪ 60 ಮಿಮೀ ಆಯಿತು. ಜಿಎಕ್ಸ್85ಕ್ಕೆ ಅದೇ ಲೆನ್ಸ್ ಹಾಕಿದರೆ 68 ಮಿಮೀ. ಪ್ಯಾಂಟಿನ ಜೇಬಿನಲ್ಲಿ ಕುಳಿತು ಏಳುವಾಗ ಚುಚ್ಚದೆ ಇರಬೇಕಾದರೆ ನನ್ನ ಅನುಭವದಲ್ಲಿ ದಪ್ಪ 35 ಮಿಮೀ ಆಸುಪಾಸಿನಲ್ಲಿರಬೇಕು. ಆ ಪರೀಕ್ಷೆಯಲ್ಲಿ ಚಿಕ್ಕದೂ ನಪಾಸು, ದೊಡ್ಡದೂ ನಪಾಸು. ಜುಬ್ಬಾದ ಜೇಬಿನಲ್ಲಿ ಜಿಎಂ5 ಹಿಡಿಸುತ್ತದೆ ನಿಜ, ಆದರೆ ಜುಬ್ಬಾ ಒಂದು ಪಕ್ಕಕ್ಕೆ ಜಗ್ಗಿ, ನಡೆಯುವಾಗ ಪ್ರತಿ ಹೆಜ್ಜೆಗೂ ಅದು ತೊಡೆಗೆ ಬಡಿಯುತ್ತಿರುತ್ತದೆ.

ಲೆನ್ಸ್ ಬದಲಾಯಿಸಬಹುದಾದ ಯಾವ ಕ್ಯಾಮೆರಾಕ್ಕೂ ಈ ದಪ್ಪದಿಂದ ಸುಲಭದಲ್ಲಿ ಬಿಡುಗಡೆಯಿಲ್ಲ. 2008ರಲ್ಲಿ, ಜಿಎಂ5 ಮತ್ತು ಜಿಎಕ್ಸ್85 ಎರಡೂ ಸೇರಿರುವ ಮೈಕ್ರೋ ಫೋರ್ ಥರ್ಡ್ಸ್ ಪದ್ಧತಿ ಬಂದಾಗ ಡಿಎಸ್‌ಎಲ್‌ಆರ್‌ನ ಕನ್ನಡಿಯನ್ನು ತೆಗೆದುಹಾಕಿ, ಲೆನ್ಸ್ ಕೂರುವ ಲೋಹದ ಉಂಗುರಕ್ಕೂ ಚಿತ್ರ ಹಿಡಿಯುವ ಸೆನ್ಸರಿಗೂ ನಡುವಿನ ಅಂತರವನ್ನು 38.67 ಮಿಮೀಯಿಂದ 19.25 ಮಿಮೀಗೆ ಇಳಿಸಿದರು. ಬಾಡಿಗಳು ತೆಳ್ಳಗಾದದ್ದು ಆಗಲೇ. ಆದರೂ ಆ 19 ಮಿಮೀ, ಅದರ ಹಿಂದೆ ಸೆನ್ಸರು, ಅದರ ಹಿಂದೆ ಪರದೆ, ಮುಂದೆ ಲೆನ್ಸು ಇರಲೇಬೇಕು. ಲೆನ್ಸನ್ನು ಬಾಡಿಗೇ ಬೆಸೆದ ಕ್ಯಾಮೆರಾಗಳಲ್ಲಿ ಲೆನ್ಸಿನ ಹಿಂಭಾಗವನ್ನು ಸೆನ್ಸರಿನ ಹತ್ತಿರಕ್ಕೆ ತಂದು, ಆಫ್ ಮಾಡಿದಾಗ ಇಡೀ ಲೆನ್ಸನ್ನು ಒಳಗೆಳೆದುಕೊಳ್ಳುವಂತೆ ಮಾಡಬಹುದು. ಅದಕ್ಕಾಗಿಯೇ ನಿಮ್ಮ ಡಿ7000ದಷ್ಟೇ ದೊಡ್ಡ ವರ್ಗದ ಸೆನ್ಸರ್ ಇರುವ ರಿಕೋ ಜಿಆರ್ 3, ಲೆನ್ಸ್ ಸೇರಿ, 33 ಮಿಮೀ ದಪ್ಪದಲ್ಲಿ ಮುಗಿಯುತ್ತದೆ. ಜೇಬೇ ನಿಮ್ಮ ಹಟವಾದರೆ ಆ ಜಾತಿಯ ಕ್ಯಾಮೆರಾ ಕೊಂಡು, ಲೆನ್ಸ್ ಬದಲಾಯಿಸುವ ಆಸೆಯನ್ನು ಕೈಬಿಡಿ. ಶಿಖರದ ಮೇಲಿನ ಶಿಲ್ಪವನ್ನು ಹತ್ತಿರಕ್ಕೆಳೆಯುವ ಲೆನ್ಸ್ ನಿಮಗೆ ಬೇಕಾಗುವುದರಿಂದ ಆ ದಾರಿ ನಿಮ್ಮದಲ್ಲ ಎಂದು ನನ್ನ ಊಹೆ.

ಲೆನ್ಸುಗಳ ವಿಷಯದಲ್ಲಿ ಕನ್ನಡದ ಗಾದೆಯೊಂದು ಅಳತೆ ತೆಗೆದಂತೆ ಹೊಂದುತ್ತದೆ: ಮೂಗಿಗಿಂತ ಮೂಗುತಿ ಭಾರ. ಜಿಎಂ5ರ ಮೂಗಿಗೆ 12-32, 35-100, 20 ಎಂಬ ಈ ಮೂರು ಮೂಗುತಿಗಳು ಒಪ್ಪುತ್ತವೆ. ಪಕ್ಷಿಗಳಿಗೆಂದು 520 ಗ್ರಾಂ ತೂಗುವ 100-300 ಲೆನ್ಸ್ ಹಾಕಿದಿರೋ, ಬಾಡಿಯ ಎರಡೂವರೆ ಪಟ್ಟು ಭಾರ ಮುಂದಕ್ಕೆ ಜೋತು ಬೀಳುತ್ತದೆ. ಆದರೆ ಇದರ ಬಗ್ಗೆ ಕೇಳಿಬರುವ ಗಾಬರಿಯಷ್ಟು ಸಮಸ್ಯೆ ಇಲ್ಲ ಎಂಬುದನ್ನೂ ಹೇಳಬೇಕು, ಏಕೆಂದರೆ ಅಂಥ ಲೆನ್ಸನ್ನು ಎಡ ಅಂಗೈಯ ಮೇಲೆ ಕೂರಿಸಿ ಹಿಡಿಯುವುದೇ ಸರಿಯಾದ ಕ್ರಮ. ಆಗ ಬಾಡಿ ಲೆನ್ಸಿನ ಬಾಲಕ್ಕೆ ಅಂಟಿದ ಗುಂಡಿಗಳ ಹಲಗೆ ಮಾತ್ರ. ತೊಂದರೆ ಕಾಣಿಸುವುದು ಬೇರೆ ಕಡೆ. ಕ್ಯಾಮೆರಾ ಕತ್ತಿನಲ್ಲಿ ತೂಗಾಡುವಾಗ ಮೂಗು ನೆಲ ನೋಡುತ್ತದೆ, ಒಂದೇ ಕೈಯಲ್ಲಿ ಎತ್ತುವಾಗ ಮಣಿಕಟ್ಟು ತಿರುಚುತ್ತದೆ, ಟ್ರೈಪಾಡಿನ ಮೇಲೆ ಕೂರಿಸುವಾಗ ತಕರಾರು ಶುರುವಾಗುತ್ತದೆ. ಜಿಎಂ5ರ ಹಿಂದಿನ ಮಾದರಿಯಾದ ಜಿಎಂ1ರ ಎತ್ತರ 54.9 ಮಿಮೀ, 20 ಮಿಮೀ ಪ್ಯಾನ್‌ಕೇಕ್ ಲೆನ್ಸಿನ ವ್ಯಾಸ 63 ಮಿಮೀ. ತೆಳ್ಳಗಿದ್ದರೂ ಲೆನ್ಸಿನ ಅಂಚು ಬಾಡಿಯ ತಳಕ್ಕಿಂತ ಕೆಳಗಿಳಿಯುವುದರಿಂದ ಕ್ಯಾಮೆರಾವನ್ನು ಮೇಜಿನ ಮೇಲೆ ಇಟ್ಟರೆ ಅದು ಸಮನಾಗಿ ಕೂರದೆ ಮುಖ ಮೇಲೆತ್ತುತ್ತದೆ, ಅಗಲವಾದ ಟ್ರೈಪಾಡ್ ಪ್ಲೇಟಿಗೆ ಲೆನ್ಸ್ ತಗಲುತ್ತದೆ. ತಯಾರಕರೇ ಇದಕ್ಕಾಗಿ ನಡುವೆ ಸೇರಿಸುವ ಬಿಲ್ಲೆಯೊಂದನ್ನು ಪ್ರತ್ಯೇಕವಾಗಿ ಮಾರಬೇಕಾಯಿತು.

ಇನ್ನು ಬೆರಳುಗಳ ಮಾತು. ಒಂದು ಸಣ್ಣ ಪ್ರಯೋಗ ಮಾಡಿ. ಬಲಗೈಯ ನಾಲ್ಕು ಬೆರಳುಗಳನ್ನು ಜೋಡಿಸಿ, ಬುಡದ ಗಂಟುಗಳ ಹತ್ತಿರ ಅಡ್ಡಕ್ಕೆ ಅಳೆಯಿರಿ. ಬೆಳೆದ ಗಂಡಸಿನ ಕೈ ಸಾಧಾರಣವಾಗಿ 80 ಮಿಮೀಗಿಂತ ಹೆಚ್ಚಿರುತ್ತದೆ. ಅದರಲ್ಲಿ ತೋರುಬೆರಳು ಮೇಲಿನ ಶಟರ್ ಗುಂಡಿಗೆ ಹೋಗುತ್ತದೆ. ಉಳಿದ ಮೂರು ಬೆರಳುಗಳಿಗೆ 59.5 ಮಿಮೀ ಎತ್ತರದ ಬಾಡಿಯಲ್ಲಿ ಎರಡಕ್ಕೆ ಮಾತ್ರ ಜಾಗ. ಕಿರುಬೆರಳು ಅನಾಥವಾಗಿ ಗಾಳಿಯಲ್ಲಿ ನಿಲ್ಲುತ್ತದೆ. ಅದನ್ನು ಮಡಚಿ ಬಾಡಿಯ ತಳಕ್ಕೆ ಆಸರೆಯಾಗಿ ಕೊಡುವುದನ್ನು ರೂಢಿಸಿಕೊಳ್ಳಬೇಕು, ಅದಕ್ಕೆ ಒಂದೆರಡು ವಾರ ಹಿಡಿಯುತ್ತದೆ. ಹಿಂಬದಿಯಲ್ಲಿ ಪರದೆಯೇ ಬಹುಪಾಲು ಜಾಗ ತಿಂದಿರುವುದರಿಂದ ಹೆಬ್ಬೆರಳು ಊರಲು ಉಳಿಯುವ ಬಯಲು ಬಹಳ ಕಿರಿದು, ಮತ್ತು ಆ ಬಯಲಿನ ಸುತ್ತ ಗುಂಡಿಗಳು ಕಾದಿರುತ್ತವೆ. ನಿಮ್ಮ ಡಿ7000ದಲ್ಲಿ ಹೆಬ್ಬೆರಳು ಸುಮ್ಮನೆ ಕೂರಲೆಂದೇ ಬಿಟ್ಟ ರಬ್ಬರ್ ಜಾಗವಿದೆಯಲ್ಲ, ಅದರ ಬೆಲೆ ತಿಳಿಯುವುದು ಅದು ಇಲ್ಲವಾದಾಗ.

ನನ್ನದೇ ಒಂದು ಪ್ರಸಂಗ. ಮಾದರಿಯ ಹೆಸರು ಬೇಡ, ತಪ್ಪು ನನ್ನದು. ಹತ್ತಿರದ ನೆಂಟರ ಮದುವೆಗೆ ಈ ಗಾತ್ರದ ಒಂದು ಕ್ಯಾಮೆರಾ ಒಯ್ದಿದ್ದೆ. ಧಾರೆಯ ಗದ್ದಲದಲ್ಲಿ ಜನರ ತಲೆಗಳ ಮೇಲಿಂದ ಕೈಯೆತ್ತಿ ಚಿತ್ರ ತೆಗೆಯುವಾಗ ಹೆಬ್ಬೆರಳಿನ ಬುಡ ಹಿಂಬದಿಯ ಚಕ್ರವನ್ನು ಒತ್ತಿ ತಿರುಗಿಸಿತ್ತು. ಬೆಳಕಿನ ಹೊಂದಾಣಿಕೆ ಎರಡು ಹಂತ ಕೆಳಗಿಳಿದಿತ್ತು. ಪರದೆ ಕೈಯಳತೆಯಾಚೆ ಇದ್ದುದರಿಂದ ನನಗೆ ಕಾಣಲಿಲ್ಲ. ಊಟದ ಪಂಕ್ತಿಯಲ್ಲಿ ಕುಳಿತು ನೋಡಿದಾಗ ಸುಮಾರು ಮೂವತ್ತು ಚಿತ್ರಗಳಲ್ಲಿ ಮದುಮಗಳು ಸಂಜೆಗತ್ತಲಲ್ಲಿ ನಿಂತಂತೆ ಕಾಣುತ್ತಿದ್ದಳು. ಸೆನ್ಸರಿನ ಮೂಲ ಮಾಹಿತಿಯನ್ನು ಉಳಿಸುವ ರಾ ಕಡತಗಳಿದ್ದುದರಿಂದ ಹೇಗೋ ಮುಖ ಉಳಿಯಿತು. ಅಂದಿನಿಂದ ಪುಟ್ಟ ಕ್ಯಾಮೆರಾ ಕೈಗೆ ಬಂದೊಡನೆ ನಾನು ಮಾಡುವ ಮೊದಲ ಕೆಲಸ, ಮೆನುವಿನಲ್ಲಿ ನಿಷ್ಕ್ರಿಯಗೊಳಿಸಲು ಬರುವ ಗುಂಡಿಗಳನ್ನೆಲ್ಲ ನಿಷ್ಕ್ರಿಯಗೊಳಿಸುವುದು. ವಿಡಿಯೊ ಗುಂಡಿ ಆ ಪಟ್ಟಿಯ ಮೊದಲನೆಯದು.

ಗ್ರಿಪ್ಪನ್ನು ಸೇರಿಸಿದರಾಯಿತಲ್ಲ ಎನ್ನುವವರಿದ್ದಾರೆ. ಜಿಎಂ1ಕ್ಕೆ ಮುಂದಕ್ಕೆ ಉಬ್ಬಿದ ಲೋಹದ ಗ್ರಿಪ್ ಸಿಗುತ್ತಿತ್ತು, ನೆತ್ತಿಯ ಮೇಲೆ ಫ್ಲ್ಯಾಶ್ ಕೂರಿಸುವ ಹಾಟ್ ಶೂ ಇರುವ ಬಾಡಿಗಳಿಗೆ ಹೆಬ್ಬೆರಳಿನ ಆಸರೆ ಸಿಗುತ್ತದೆ. ಎರಡೂ ಉಪಯುಕ್ತ. ಆದರೆ ಅವನ್ನು ಸೇರಿಸಿದ ಮೇಲೆ ನಿಮ್ಮ ಕೈಯಲ್ಲಿರುವುದು ಚಿಕ್ಕ ಗುಂಡಿಗಳನ್ನು ಉಳಿಸಿಕೊಂಡ ದೊಡ್ಡ ಕ್ಯಾಮೆರಾ. ಅದಕ್ಕಿಂತ ಮಣಿಕಟ್ಟಿನ ಪಟ್ಟಿ ಒಳ್ಳೆಯದು. ಬೆವರಿದ ಬೆರಳಿನಿಂದ ಜಾರಿದರೂ ಕಲ್ಲುಹಾಸಿಗೆ ಬೀಳುವುದಿಲ್ಲ ಎಂಬ ಧೈರ್ಯವಿದ್ದರೆ ಹಿಡಿತವನ್ನು ಬಿಗಿಗೊಳಿಸಬೇಕಾಗುವುದಿಲ್ಲ, ಬಿಗಿ ಕಡಿಮೆಯಾದಷ್ಟೂ ಕೈ ನಡುಗುವುದು ಕಡಿಮೆ.

ನಡುಕದ ಮಾತು ಬಂತು. ಹಗುರವಾದ ಕ್ಯಾಮೆರಾ ಅಲುಗಾಡುವುದಿಲ್ಲ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವ ಹಾಗಿಲ್ಲ. ಶಟರ್ ಗುಂಡಿಯನ್ನು ಒತ್ತುವ ಬೆರಳಿನ ಬಲ ಅಷ್ಟೇ ಇರುತ್ತದೆ, ಅದನ್ನು ತಡೆಯಬೇಕಾದ ಜಡತ್ವ ಮಾತ್ರ ಕಾಲುಭಾಗಕ್ಕೆ ಇಳಿದಿರುತ್ತದೆ. ಡಿ7000ವನ್ನು ನೀವು ಹಿಡಿಯುವಾಗ ಎರಡು ಕೈಗಳ ಜೊತೆ ಹುಬ್ಬಿನ ಆಸರೆಯೂ ಸಿಗುತ್ತಿತ್ತು. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲದ ಜಿಎಂ1ವನ್ನೋ ಅದೇ ಕಂಪನಿಯ 2017ರ ಜಿಎಕ್ಸ್850ವನ್ನೋ ಹಿಡಿಯುವಾಗ ಆ ಮೂರನೆಯ ಆಸರೆ ತಪ್ಪಿ, ಕೈಗಳು ಮುಂದಕ್ಕೆ ಚಾಚಿರುತ್ತವೆ. ಇಲ್ಲಿಗೆ ನಿಮ್ಮ ಚಾಳೀಸಿನ ಕಥೆಯೂ ಬಂದು ಸೇರುತ್ತದೆ: ಚಾಳೀಸು ಹಾಕಿಕೊಂಡರೆ ಪರದೆ ಕಾಣುತ್ತದೆ, ದೂರದ ದೇವಾಲಯ ಮಸುಕು; ತೆಗೆದರೆ ದೇವಾಲಯ ಕಾಣುತ್ತದೆ, ಪರದೆ ಮಸುಕು. ಬಿಸಿಲು ಪರದೆಯ ಮೇಲೆ ಬಿದ್ದರೆ ಎರಡೂ ಹೋಯಿತು. ಆದ್ದರಿಂದ ವ್ಯೂಫೈಂಡರ್ ಇಲ್ಲದ ಯಾವ ಕ್ಯಾಮೆರಾವನ್ನೂ ನಿಮಗೆ ನಾನು ಹೇಳಲಾರೆ. ಜಿಎಂ5ರಲ್ಲಿ ವ್ಯೂಫೈಂಡರ್ ಇದೆ, ಕಣ್ಣಿನ ಪವರಿಗೆ ಹೊಂದಿಸುವ ಚಕ್ರವೂ ಇದೆ. ಆದರೆ ಅದರೊಳಗೆ ಕಾಣುವ ಚಿತ್ರ ಫುಲ್ ಫ್ರೇಮ್ ಲೆಕ್ಕದಲ್ಲಿ 0.46 ಪಟ್ಟು ಗಾತ್ರದ್ದು, ಜಿಎಕ್ಸ್85ರಲ್ಲಿ 0.7 ಪಟ್ಟು. ಕಾಗದದ ಮೇಲೆ ಇದು ಸಣ್ಣ ವ್ಯತ್ಯಾಸದಂತೆ ಕಂಡರೂ ಕಣ್ಣಿಟ್ಟು ನೋಡಿದಾಗ ಕಿಂಡಿಗೂ ಕಿಟಕಿಗೂ ಇರುವಷ್ಟು ಅಂತರ. ಶಾಸನದ ಅಕ್ಷರ ಫೋಕಸಿನಲ್ಲಿದೆಯೇ ಎಂದು ನೀವು ನೋಡಬೇಕಾದದ್ದು ಅದರ ಮೂಲಕವೇ.

ಚಿತ್ರದ ಗುಣಮಟ್ಟದ ಬಗ್ಗೆ ನೀವು ಕೇಳಿಲ್ಲ, ಆದರೂ ಭಯವಿದ್ದರೆ ಬಿಡಿ. ಡಿ7000ದ ಸೆನ್ಸರ್ ವಿಸ್ತೀರ್ಣದಲ್ಲಿ ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರಿನ ಸುಮಾರು ಒಂದೂ ಮುಕ್ಕಾಲು ಪಟ್ಟಿಗಿಂತ ಸ್ವಲ್ಪ ಕಡಿಮೆಯಷ್ಟೆ. ಎರಡೂ 16 ಮೆಗಾಪಿಕ್ಸೆಲ್. ಹಾಗಾಗಿ ಕತ್ತಲಲ್ಲಿ ಒಂದು ಸ್ಟಾಪಿಗಿಂತ, ಅಂದರೆ ಬೆಳಕು ಅರ್ಧವಾಗುವ ಒಂದು ಹಂತಕ್ಕಿಂತ, ಕಡಿಮೆ ನಷ್ಟ. 12-32 ಲೆನ್ಸಿನ ಅಗಲದ ತುದಿ ನಿಮ್ಮ 18 ಮಿಮೀಗಿಂತ ಇನ್ನಷ್ಟು ಅಗಲ, 35-100ರ ದೂರದ ತುದಿ, ಚಿಕ್ಕ ಸೆನ್ಸರ್ ದೃಶ್ಯದ ಕಿರಿದಾದ ಭಾಗವನ್ನೇ ಹಿಡಿಯುವುದರಿಂದ, ನಿಮ್ಮ 105ಕ್ಕಿಂತ ಇನ್ನಷ್ಟು ದೂರ. ನಷ್ಟವಿರುವುದು ಇನ್ನೊಂದು ಕಡೆ. ಬೇಲೂರು, ಹಳೇಬೀಡಿನಂಥ ದೇವಾಲಯಗಳ ನವರಂಗದ ಮಬ್ಬಿನಲ್ಲಿ ನೀವು ನಿಂತಿದ್ದೀರಿ ಎನ್ನಿ. ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಅನುಮತಿ ಬೇಕು, ಆದ್ದರಿಂದ ಕೈಯಲ್ಲೇ ಹಿಡಿದು ತೆಗೆಯಬೇಕು. 12-32 ಲೆನ್ಸಿನೊಳಗೆ ಅಲುಗಾಟ ತಡೆಯುವ ವ್ಯವಸ್ಥೆ ಇದೆ, ಆದರೆ ಅದರ ಕಿಂಡಿ ಚಿಕ್ಕದು. 20 ಮಿಮೀ ಎಫ್/1.7 ಅದರ ನಾಲ್ಕು ಪಟ್ಟು ಬೆಳಕು ಒಳಬಿಡುತ್ತದೆ, ಆದರೆ ಅದರೊಳಗೆ ಅಲುಗಾಟ ತಡೆ ಇಲ್ಲ, ಜಿಎಂ ಬಾಡಿಗಳಲ್ಲೂ ಇಲ್ಲ. ಅಲ್ಲಿಗೆ ಒಂದು ಕೊಟ್ಟದ್ದನ್ನು ಇನ್ನೊಂದು ಕಿತ್ತುಕೊಂಡಂತಾಯಿತು. ಜಿಎಕ್ಸ್85ರ ಸೆನ್ಸರ್ ತಾನೇ ಐದು ದಿಕ್ಕುಗಳಲ್ಲಿ ಹೊಂದಿಕೊಂಡು ಅಲುಗಾಟವನ್ನು ತಡೆಯುವುದರಿಂದ ಯಾವ ಲೆನ್ಸ್ ಹಾಕಿದರೂ ಅದರ ಪ್ರಯೋಜನ ಸಿಗುತ್ತದೆ. ಆ ಒಂದು ಲೋಟ ನೀರಿನ ತೂಕದಲ್ಲಿ ಇಂಥ ಯಂತ್ರಾಂಗಗಳೂ ಸೇರಿವೆ.

ಬಾಡಿಯನ್ನು ಕುಗ್ಗಿಸಲು ತೆತ್ತ ಬೆಲೆಯಲ್ಲಿ ಹೊರಗೆ ಕಾಣದ ಒಂದು ಭಾಗ ಶಟರಿನೊಳಗೆ ಅಡಗಿದೆ. ಜಿಎಂ1, ಜಿಎಂ5ಗಳಲ್ಲಿ ಜಾಗ ಉಳಿಸಲೆಂದು ಸ್ಪ್ರಿಂಗಿನ ಬದಲು ಪುಟ್ಟ ಮೋಟರಿನಿಂದ ಓಡುವ ಶಟರ್ ಕೂರಿಸಿದರು. ಅದರ ಗರಿಷ್ಠ ವೇಗ ಸೆಕೆಂಡಿನ 1/500. ಅದರಾಚೆಗೆ 1/16000ದವರೆಗೆ ಎಲೆಕ್ಟ್ರಾನಿಕ್ ಶಟರ್ ಕೆಲಸ ಮಾಡುತ್ತದೆ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಸೆನ್ಸರಿನ ಬೆಳಕಿನ ಸಂವೇದನೆಯನ್ನು ಸೂಚಿಸುವ ಐಎಸ್‌ಒ 200 ಇಟ್ಟರೆ ಎಫ್/16ಕ್ಕೆ ಸುಮಾರು 1/200 ಬೇಕಾಗುತ್ತದೆ ಎಂಬ ಹಳೆಯ ಲೆಕ್ಕ ನಿಮಗೆ ಗೊತ್ತಿದೆ. ಅದೇ ಲೆಕ್ಕದಲ್ಲಿ 1/500ಕ್ಕೆ ಎಫ್/10 ಬೇಕು. ಎಫ್/1.7 ಲೆನ್ಸನ್ನು ಪೂರ್ತಿ ತೆರೆಯಬೇಕೆಂದರೆ ವೇಗ 1/16000ವನ್ನೂ ದಾಟುತ್ತದೆ. ಕಲ್ಲು ಕದಲುವುದಿಲ್ಲ, ಆದ್ದರಿಂದ ಶಿಲ್ಪಗಳಿಗೆ ಎಲೆಕ್ಟ್ರಾನಿಕ್ ಶಟರಿನಿಂದ ಅಡ್ಡಿಯಿಲ್ಲ. ಆದರೆ ಶಾಲಾ ವಾರ್ಷಿಕೋತ್ಸವದಲ್ಲೋ ರಾತ್ರಿಯ ಯಕ್ಷಗಾನದಲ್ಲೋ ಸದ್ದಾಗದಿರಲೆಂದು ಅದನ್ನು ಬಳಸಿದರೆ, ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದಿಕೊಳ್ಳುವುದರಿಂದ, ದಿಗಿಣ ಹಾಕುವ ವೇಷಧಾರಿ ಓರೆಯಾಗಿ ಬಾಗಿ ಬರುತ್ತಾನೆ. ನಮ್ಮ 50 ಹರ್ಟ್ಜ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಸಲ ಮಿಡಿಯುವ ದೀಪಗಳ ಕೆಳಗೆ ಚಿತ್ರದ ಉದ್ದಕ್ಕೂ ಕಪ್ಪು ಪಟ್ಟೆಗಳೂ ಬೀಳಬಹುದು. ಅಂಥಲ್ಲಿ 1/50 ಅಥವಾ 1/100ರಲ್ಲಿ ಉಳಿಯುವುದು ಕ್ಷೇಮ.

ಇದಕ್ಕಿಂತ ನಿಮ್ಮನ್ನು ನೇರವಾಗಿ ತಟ್ಟುವುದು ಫ್ಲ್ಯಾಶಿನ ವೇಗ. ಸವೆದ ಶಾಸನವನ್ನು ಓದುವಂತೆ ಚಿತ್ರಿಸಲು ಬೆಳಕು ಪಕ್ಕದಿಂದ, ಕಲ್ಲನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ ಬೀಳಬೇಕು. ಆಗಲೇ ಅಕ್ಷರದ ಹಳ್ಳಗಳಲ್ಲಿ ನೆರಳು ತುಂಬುತ್ತದೆ. ಸುತ್ತಲಿನ ಹಗಲ ಬೆಳಕು ಹೆಚ್ಚಾದಷ್ಟೂ ಆ ನೆರಳು ತೊಳೆದುಹೋಗುತ್ತದೆ. ಫ್ಲ್ಯಾಶ್ ಜೊತೆ ಬಳಸಬಹುದಾದ ಗರಿಷ್ಠ ವೇಗ ಡಿ7000ದಲ್ಲಿ 1/250, ಜಿಎಕ್ಸ್85ರಲ್ಲಿ 1/160, ಜಿಎಂ5ರಲ್ಲಿ 1/50. ಅಂದರೆ ಅದೇ ಮಂಟಪದ ನೆರಳಿನಲ್ಲಿ, ಅದೇ ಎಫ್ ಸಂಖ್ಯೆಗೆ, ಜಿಎಂ5ರೊಳಕ್ಕೆ ನಿಮ್ಮ ಹಳೆಯ ಕ್ಯಾಮೆರಾಕ್ಕಿಂತ ಐದು ಪಟ್ಟು ಹಗಲ ಬೆಳಕು ನುಗ್ಗುತ್ತದೆ. ಜಿಎಂ1 ಮತ್ತು ಜಿಎಕ್ಸ್850ಗಳಿಗೆ ಹೊರಗಿನ ಫ್ಲ್ಯಾಶ್ ಕೂರಿಸುವ ಹಾಟ್ ಶೂ ಇಲ್ಲವೇ ಇಲ್ಲ. ಫ್ಲ್ಯಾಶ್ ಬಿಟ್ಟು ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ಹಾಯಿಸುವ ಉಪಾಯ ನಿಮಗೆ ಗೊತ್ತಿರಬಹುದು. ಜೊತೆಗೆ ಯಾರೂ ಇಲ್ಲದಿದ್ದರೆ ಕನ್ನಡಿ ಎಡಗೈಯಲ್ಲಿ, ಕ್ಯಾಮೆರಾ ಬಲಗೈಯಲ್ಲಿ. ಒಂಟಿ ಕೈಯ ಈ ಕೆಲಸದಲ್ಲಿ ತೂಕ ಕಡಿಮೆ ಇರುವುದು ವರವೇ ಸರಿ, ಆದರೆ ಅದೇ ಕೈಯ ಹೆಬ್ಬೆರಳು ಬೀಳಿಸದೆ ಹಿಡಿದುಕೊಂಡೇ ಚಕ್ರವನ್ನೂ ತಿರುಗಿಸಬೇಕು. ಇನ್ನೂರು ಗ್ರಾಂನ ಗ್ರಿಪ್ಪಿಲ್ಲದ ಬಾಡಿಗಿಂತ ನಾನೂರು ಗ್ರಾಂನ, ಮುಂದೆ ತುಸು ಉಬ್ಬಿದ ಬಾಡಿ ಆಗ ಹಗುರವೆನಿಸುತ್ತದೆ. ಇದು ವಿಚಿತ್ರವಾಗಿ ಕೇಳಿಸಬಹುದು, ಹಿಡಿದು ನೋಡಿದರೆ ತಿಳಿಯುತ್ತದೆ.

ವೀರಗಲ್ಲುಗಳು ಅರ್ಧ ಮಣ್ಣಿನಲ್ಲಿ ಹೂತು ಮೊಣಕಾಲಿನ ಎತ್ತರದಲ್ಲಿರುವುದೇ ಹೆಚ್ಚು. ಜಿಎಂ5ರ ಪರದೆ ಬಾಡಿಗೆ ಅಂಟಿಕೊಂಡಿದೆ, ಓರೆಯಾಗುವುದಿಲ್ಲ. ಜಿಎಕ್ಸ್85ರದು ಮೇಲಕ್ಕೂ ಕೆಳಕ್ಕೂ ಮಡಚುತ್ತದೆ. ಬೇಲಿ ಪಕ್ಕದ ಕಲ್ಲಿನೆದುರು ಹೊಟ್ಟೆಯ ಮೇಲೆ ಮಲಗುವುದು 54ರಲ್ಲಿ ಎಷ್ಟು ಹಿತ ಎಂಬುದನ್ನು ನಿಮಗೇ ಬಿಡುತ್ತೇನೆ.

ಬ್ಯಾಟರಿಯ ವಿಷಯ ಬೇಗ ಮುಗಿಯುತ್ತದೆ. ಡಿ7000ದ ಒಂದು ಬ್ಯಾಟರಿಗೆ ಪ್ರಮಾಣಿತ ಪರೀಕ್ಷೆಯಲ್ಲಿ 1,050 ಚಿತ್ರಗಳ ಲೆಕ್ಕ. ಜಿಎಂ ಬಾಡಿಗಳ 680 ಎಂಎಎಚ್ ಬ್ಯಾಟರಿಗೆ 230ರ ಆಸುಪಾಸು, ಜಿಎಕ್ಸ್85ಕ್ಕೆ 290. ಯಾವುದನ್ನೇ ಕೊಂಡರೂ ಇನ್ನೆರಡು ಬ್ಯಾಟರಿ ಜೊತೆಗಿರಲಿ.

ಹಾಗೆಂದು ಜಿಎಂ5 ಆಟಿಕೆಯೆಂದು ತಿಳಿಯಬೇಡಿ. ಒಂದೇ ಪುಟ್ಟ ಲೆನ್ಸ್ ಹಾಕಿ, ಆಫೀಸಿನ ಚೀಲದಲ್ಲೋ ಹೆಂಗಸರ ಕೈಚೀಲದಲ್ಲೋ ಬೇರೆ ಸಾಮಾನಿನ ನಡುವೆ ಸದಾ ಇರಲೆಂದು ಬಯಸುವವರಿಗೆ, ಸಪೂರ ಬೆರಳಿನವರಿಗೆ, ಪರದೆಯನ್ನು ಮುಟ್ಟಿ ಫೋಕಸ್ ಮಾಡುವುದು ರೂಢಿಯಾದವರಿಗೆ ಅದಕ್ಕೆ ಸಾಟಿಯಾದದ್ದನ್ನು ಆಮೇಲೆ ಯಾರೂ ಮಾಡಿಲ್ಲ ಎಂಬುದು ನನ್ನ ಅಭಿಪ್ರಾಯ. ಕೀಟಲೆಯ ಮಾತಲ್ಲ, ದೊಡ್ಡ ಕ್ಯಾಮೆರಾ ಕಂಡೊಡನೆ ಸೆಟೆದು ನಿಲ್ಲುವ ಹಳ್ಳಿಯ ಹಿರಿಯರು ಅದರೆದುರು ಮಾತು ಮುಂದುವರಿಸುತ್ತಾರೆ. ಆ ಗುಣಕ್ಕಾಗಿಯೇ ನಾನು ನನ್ನದನ್ನು ಮಾರಿಲ್ಲ. ನಿಮ್ಮ ಕೆಲಸ ಬೇರೆ.

ನಿಮಗೆ ನನ್ನ ಸಲಹೆ: ಬಳಸಿದ ಜಿಎಕ್ಸ್85, ಇಲ್ಲವೇ 390 ಗ್ರಾಂ ತೂಗುವ 2015ರ ಒಲಿಂಪಸ್ ಇ-ಎಂ10 ಮಾರ್ಕ್ 2. ಎರಡನೆಯದರಲ್ಲಿಯೂ ವ್ಯೂಫೈಂಡರ್, ಬಾಡಿಯೊಳಗಿನ ಅಲುಗಾಟ ತಡೆ, ಓರೆಯಾಗುವ ಪರದೆ, ಹಾಟ್ ಶೂ ಇವೆ, ಫ್ಲ್ಯಾಶ್ ವೇಗವೂ 1/250. ವ್ಯೂಫೈಂಡರ್ ನಡುವೆ ಗೋಪುರದಂತೆ ಎದ್ದಿರುವುದರಿಂದ ಎತ್ತರ 83 ಮಿಮೀ ಆಗಿ, ಸೊಂಟದ ಚೀಲ ತುಸು ದೊಡ್ಡದು ಬೇಕಾಗುತ್ತದೆ. ಶಾಸನವೇ ಮುಖ್ಯವಾದರೆ ಇದು, ನವರಂಗದೊಳಗೆ ಓಡಾಡುವುದೇ ಹೆಚ್ಚಾದರೆ ಜಿಎಕ್ಸ್85. ಲೆನ್ಸುಗಳು ಎರಡಕ್ಕೂ ಅವೇ ಮೂರು. ಮೊದಲು 12-32 ಮತ್ತು 35-100 ಕೊಳ್ಳಿ, 20 ಮಿಮೀ ಆಮೇಲೆ ನೋಡೋಣ. 12-32 ಲೆನ್ಸಿಗೆ ಫೋಕಸ್ ಬಳೆ ಇಲ್ಲ, ಪ್ರತಿ ಸಲ ತಿರುಗಿಸಿ ತೆರೆದ ಮೇಲೆಯೇ ಚಿತ್ರ ತೆಗೆಯಲು ಬರುತ್ತದೆ ಎಂಬುದು ನೆನಪಿರಲಿ. ಮೊದಲ ವಾರ ಸಿಟ್ಟು ಬರುತ್ತದೆ.

ದುಡ್ಡು ಕೊಡುವ ಮೊದಲು ಇನ್ನೊಂದು ಕೆಲಸ. ರಟ್ಟಿನಿಂದ 122×71×68 ಮಿಮೀ ಅಳತೆಯ ಡಬ್ಬಿ ಮಾಡಿ, ಅರ್ಧ ಕಿಲೊ ಅಕ್ಕಿಯನ್ನು ಪೊಟ್ಟಣ ಕಟ್ಟಿ ಒಳಗಿಟ್ಟು, ಸೊಂಟದ ಚೀಲದಲ್ಲಿ ಹಾಕಿಕೊಂಡು ಒಂದು ಭಾನುವಾರ ಓಡಾಡಿ. ಬಸ್ಸು ಹತ್ತಿ ಇಳಿಯಿರಿ, ಬೈಕಿನಲ್ಲಿ ಕೂರಿರಿ, ಕೆಳಗೆ ಕುಕ್ಕರಿಸಿ ಏಳಿರಿ. ಭುಜ ಸುಮ್ಮನಿದ್ದು ಸೊಂಟ ತಕರಾರು ತೆಗೆಯದಿದ್ದರೆ ಅಂಗಡಿಗೆ ಹೋಗಿ. ಅಲ್ಲಿ ಚಾಳೀಸು ತೆಗೆದು ವ್ಯೂಫೈಂಡರಿಗೆ ಕಣ್ಣಿಟ್ಟು, ಪಕ್ಕದ ಪುಟ್ಟ ಚಕ್ರವನ್ನು ತಿರುಗಿಸಿ, ಒಳಗಿನ ಅಂಕಿಗಳು ಸ್ಪಷ್ಟವಾಗುತ್ತವೆಯೇ ನೋಡಿ. ಆಮೇಲೆ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಲಗೈ ಒಂದರಿಂದಲೇ ಆನ್ ಮಾಡಿ, ಎಫ್ ಸಂಖ್ಯೆ ಬದಲಾಯಿಸಿ, ಹತ್ತು ಚಿತ್ರ ತೆಗೆಯಿರಿ. ಅದೇ ಮೇಜಿನ ಮೇಲೆ ಜಿಎಂ5 ಇನ್ನೂ ಇದ್ದರೆ ಅದರಲ್ಲಿಯೂ ಅದೇ ಹತ್ತು ಚಿತ್ರ ತೆಗೆದು, ಎರಡೂ ಕಾರ್ಡುಗಳನ್ನು ಮನೆಗೆ ತಂದು, ದೊಡ್ಡ ಪರದೆಯ ಮೇಲೆ ಪಕ್ಕಪಕ್ಕ ಇಟ್ಟು ನೋಡಿ.